ಅವ್ವನ ಮಾತ್ರೆ, ಅಪ್ಪಾಜಿಯ ಕುಟ್ಟಾಣಿ

ಅವ್ವ ರಕ್ತ ಕಾರಿಕೊಂಡಳು ಎಂದು ತಮ್ಮ ರುದ್ರೇಶ್ ಫೋನ್ ಮಾಡಿದ ಮೇಲೆಯೇ ಅವಳಿಗೆ ಕಾಯಿಲೆ ಇದೆ ಎಂಬುದು ನನಗೆ ಗೊತ್ತಾದದ್ದು. ಅದು ಎರಡು ಸಾವಿರದ ಎರಡನೇ ಇಸವಿ. ಅವರಿದ್ದದ್ದು ನಂಜನಗೂಡಿನಲ್ಲಿ, ನಾನು ಗಂಡನ ಮನೆ ತಿ. ನರಸೀಪುರದಲ್ಲಿ. ನಡುವೆ ಏನು ಸಮುದ್ರವಿದೆಯೇ? ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬರುತ್ತದೆ. ಅವ್ವನಿಗೆ ತಿಂಗಳುಗಟ್ಟಲೆ ಎದೆಯುರಿ, ಹುಳಿತೇಗು, ಡಾಕ್ಟರ ಹತ್ತಿರ ಓಡಾಟ. ಕೊಟ್ಟ ಮನೆಯಲ್ಲಿರುವ ಮಗಳಿಗೆ ಯಾಕೆ ತೊಂದರೆ ಎಂದು ಮೂವರೂ ಬಾಯಿ ಹೊಲಿದುಕೊಂಡು ಕೂತಿದ್ದರು. ಮಧುಶ್ರೀಗೆ ಮೂಗಿನ ತುದಿಯಲ್ಲೇ ಕೋಪ ಎಂದು ತವರಿನವರು ನನ್ನನ್ನು ಆಡಿಕೊಳ್ಳುತ್ತಾರೆ. ಆ ಕೋಪಕ್ಕೆ ಹೊತ್ತುಹೊತ್ತಿಗೆ ತುಪ್ಪ ಸುರಿಯುವವರೂ ಅವರೇ.

ಮೈಸೂರಿನ ಆಸ್ಪತ್ರೆಯಲ್ಲಿ ಅವ್ವ ಬಿಳಿಚಿಕೊಂಡು ಮಲಗಿದ್ದಳು. ಕೈಗೆ ರಕ್ತ ಹಾಕಿದ್ದರು. ಗಂಟಲಿನಿಂದ ಕೊಳವೆ ಇಳಿಸಿ ನೋಡಿದ್ದ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುತ್ತಿದೆ, ಇನ್ನೊಂದು ಸಲ ಹೀಗಾದರೆ ಜೀವಕ್ಕೆ ಅಪಾಯ ಎಂದರು.

“ನಂಜನಗೂಡಿನ ಡಾಕ್ಟರು ಒಳ್ಳೆ ಕ್ಯಾಪ್ಸೂಲನ್ನೇ ಬರೆದಿದ್ದಾರೆ. ಕಮ್ಮಿ ಆಗ್ಲಿಲ್ಲ ಅಂತ ಡೋಸೂ ಜಾಸ್ತಿ ಮಾಡಿದ್ದಾರೆ. ಇಷ್ಟೊತ್ತಿಗೆ ವಾಸಿಯಾಗ್ಬೇಕಿತ್ತು. ನಿಮ್ಮ ತಾಯಿ ನುಂಗ್ತಾನೇ ಇಲ್ಲ ಅನ್ಸುತ್ತೆ.”

ಒಳಗೆ ಹೋಗಿ ಅವ್ವನನ್ನು ಕೇಳಿದೆ. “ಒಂದಿನಾನೂ ತಪ್ಪಿಸಿಲ್ಲ ಕಣವ್ವಾ” ಎಂದಳು. ನಮ್ಮ ಅವ್ವ ಮಲ್ಲಾಜಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಹಾಗಾದರೆ ಮಾತ್ರೆಗಳೆಲ್ಲ ಎಲ್ಲಿ ಹೋದವು?

ರುದ್ರೇಶನನ್ನು ಅಲ್ಲೇ ಬಿಟ್ಟು, ಅವಳ ಬಟ್ಟೆ ತರಲು ಬೆಳಿಗ್ಗೆ ನಂಜನಗೂಡಿನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಟಣ್ ಟಣ್ ಸದ್ದು. ನಮ್ಮ ಅಪ್ಪಾಜಿ ಶಂಭುಲಿಂಗಪ್ಪನವರು ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು, ಮಣೆಯ ಮೇಲೆ ಕೂತು ಎಲೆಅಡಿಕೆಯ ಕುಟ್ಟಾಣಿಯಲ್ಲಿ ಏನೋ ಕುಟ್ಟುತ್ತಿದ್ದರು. ಪಕ್ಕದಲ್ಲಿ ಜೇನುತುಪ್ಪದ ಸೀಸೆ. ಒಂದು ಚೂರು ಪೇಪರಿನ ಮೇಲೆ ಬಿಡಿಸಿಟ್ಟ ಕ್ಯಾಪ್ಸೂಲಿನ ಖಾಲಿ ಸಿಪ್ಪೆಗಳು.

“ಏನ್ ಮಾಡ್ತಿದೀರಪ್ಪಾಜಿ?”

“ನಿಮ್ಮವ್ವನ ಮಾತ್ರೆ ಅರೀತಾ ಇವ್ನಿ ಕಣವ್ವ. ಆಸ್ಪತ್ರೆಯೋರು ಹಂಗಂಗೇ ನುಂಗ್ಸಿಬಿಡ್ತಾರೆ.”

“ಹಂಗೇ ನುಂಗೋದಲ್ವಾ ಮತ್ತೆ?”

ಅಪ್ಪಾಜಿ ದನಿ ತಗ್ಗಿಸಿದರು. “ಈ ಸಿಪ್ಪೆ ಮೂಳೇಲಿ ಮಾಡಿರ್ತಾರಂತೆ. ಅಮಾಸೆ ದಿನ ಮಠದಲ್ಲಿ ಮಾತಾಡ್ತಿದ್ರು. ಲಿಂಗ ಕಟ್ಟಿದ ಮೈಯೊಳಕ್ಕೆ ಮೂಳೆ ಓಗ್ಬೋದಾ? ಅದ್ಕೇ ಸಿಪ್ಪೆ ಬಿಸಾಕಿ, ಒಳಗಿನ ಕಾಳ್ನ ಅರೆದು ಜೇನುತುಪ್ಪದಲ್ಲಿ ಕೊಡ್ತೀನಿ. ನುಣ್ಣಗಾದ್ರೆ ಬೇಗ ಇಡೀತದೆ.”

“ಡಾಕ್ಟರಿಗೆ ಹೇಳಿದ್ರಾ?”

“ಏ, ಅವರು ನಗ್ತಾರೆ ಕಣವ್ವ.”

ನನಗೆ ಮೈಯೆಲ್ಲ ಉರಿದುಹೋಯಿತು. ಬಜಾರಿನಲ್ಲಿ ಬೆಲ್ಲದ ಮಂಡಿ ಇಟ್ಟುಕೊಂಡು, ಒಂದು ಅಚ್ಚು ಬೆಲ್ಲ ಹಸಿಯಾಗಿದ್ದರೆ ಬೀದಿಗೆಲ್ಲ ಕೇಳುವಂತೆ ಜಗಳ ತೆಗೆಯುವ ಮನುಷ್ಯ! ಹೆಂಡತಿಯ ಜೀವದ ವಿಷಯದಲ್ಲಿ ಡಾಕ್ಟರ ಮುಂದೆ ಒಂದು ಮಾತು ಆಡಲು ಇವರಿಗೆ ನಾಚಿಕೆ. ಮೂಳೆ ಬೇಡವೆಂದರೆ ಬೇಡ, ಅದರಲ್ಲಿ ತಪ್ಪೇನಿಲ್ಲ. ಬಾಯಿ ಬಿಟ್ಟು ಹೇಳುವುದಕ್ಕೇನು ಧಾಡಿ?

“ಏಳಿ. ಆ ಕುಟ್ಟಾಣಿ ತಗೊಂಡು ಬಸ್ ಹತ್ತಿ” ಎಂದೆ. ಅಪ್ಪಾಜಿ ಎದ್ದರು. ಮೈಸೂರಿನವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸಿಪ್ಪೆಯ, ಮೂಳೆಯ ಕಥೆಯನ್ನೆಲ್ಲ ನಾನೇ ಹೇಳಿದೆ. ಡಾಕ್ಟರಮ್ಮ ಕುಟ್ಟಾಣಿಯೊಳಗಿನ ಪುಡಿ ನೋಡಿ ತಲೆ ಮೇಲೆ ಕೈ ಹೊತ್ತರು.

“ಯಜಮಾನ್ರೇ, ಈ ಒಂದೊಂದು ಕಾಳಿನ ಮೇಲೂ ಒಂದು ಪದರ ಇರುತ್ತೆ. ಹೊಟ್ಟೆಯ ಹುಳಿ ಔಷಧೀನ ಕೆಡಿಸ್ದೇ ಇರ್ಲಿ ಅಂತ. ಅದು ಹೊಟ್ಟೆ ದಾಟಿ ಕರುಳಿಗೆ ಹೋಗಿ ಕರಗ್ಬೇಕು. ನೀವು ಪದರಾನೇ ಪುಡಿ ಮಾಡಿದ್ರಿ. ಅವರಿಗೆ ದಕ್ಕಿದ್ದು ಜೇನುತುಪ್ಪ ಮಾತ್ರ.”

ಅಪ್ಪಾಜಿ ಅಂಗೈಯಿಂದ ಕುಟ್ಟಾಣಿಯ ಬಾಯಿ ಮುಚ್ಚಿದರು. ಈಗ ಮುಚ್ಚಿ ಏನು ಬಂತು ಎಂದುಕೊಂಡೆ.

“ಸಿಪ್ಪೆ ಬೇಡ ಅಂತ ಒಂದು ಮಾತು ಹೇಳಿದ್ರೆ ಸಿಪ್ಪೆ ಇಲ್ಲದ ಮಾತ್ರೆ ಬರ್ಕೊಡ್ತಿದ್ರು. ಈಗ ನಾನು ಬರೀತೀನಿ. ಇದನ್ನೂ ಕುಟ್ಟಬಾರ್ದು, ಮುರೀಬಾರ್ದು, ಅಗೀಬಾರ್ದು. ಪೂಜೆ ಮುಗಿಸಿ ಇಡಿಯಾಗಿ ನೀರಲ್ಲಿ ನುಂಗಿ, ಅರ್ಧ ಗಂಟೆ ಬಿಟ್ಟು ತಿಂಡಿ. ಮಂಡಿನೋವು ಅಂತ ಅಂಗಡಿಯಿಂದ ಮಾತ್ರೆ ತಂದು ನುಂಗ್ಬೇಡಿ, ಹುಣ್ಣಿಗೆ ಅದೇ ಶತ್ರು. ಕಕ್ಕಸು ಟಾರಿನ ಹಾಗೆ ಕಪ್ಪಗಾದ್ರೆ ಒಂದು ಗಳಿಗೆ ಕಾಯ್ದೆ ಇಲ್ಲಿಗೆ ಬನ್ನಿ.”

“ಎಲ್ಲಾ ಸರಿ. ಡೋಸ್ ಜಾಸ್ತಿ ಮಾಡೋ ಮೊದಲು, ಹೆಂಗೆ ತಗೋತಿದೀರಿ ಅಂತ ಆ ಡಾಕ್ಟರು ಕೇಳ್ಬೋದಿತ್ತಲ್ಲ?” ಎಂದು ರೇಗಿದೆ.

“ಕೇಳ್ಬೇಕಿತ್ತು” ಎಂದರು ಡಾಕ್ಟರಮ್ಮ. ಅವ್ವ ನುಂಗುತ್ತಲೇ ಇಲ್ಲ ಎಂದುಬಿಡುವ ಮೊದಲು ತಾವೂ ಕೇಳಿರಲಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವ್ವನನ್ನು ನೇರವಾಗಿ ನರಸೀಪುರಕ್ಕೆ ಕರೆತಂದೆ. ಹೊಸ ಮಾತ್ರೆ ಹಿಡಿಯಿತು. ಉರಿ ತಗ್ಗಿತು, ಮುಖದಲ್ಲಿ ಕಳೆ ಬಂತು. ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ.

“ಉರಿ ಒಂಚೂರೂ ಕಮ್ಮಿ ಆಗ್ದಿದ್ರೂ ಆ ಪುಡೀನ ಯಾಕವ್ವಾ ಕುಡೀತಿದ್ದೆ?”

“ಅದ್ರಿಂದ ಏನೂ ಆಗ್ತಿಲ್ಲ ಅಂತ ನಂಗೂ ಗೊತ್ತಿತ್ತು ಮಗಾ. ಮದ್ವೆಯಾದಾಗಿಂದ ನಿಮ್ಮಪ್ಪಾಜಿ ನಂಗೋಸ್ಕರ ಅಡಿಗೆಮನೆ ಒಳಕ್ಕೆ ಬಂದಿದ್ದು ಅದೊಂದಕ್ಕೇ. ದಿನಾ ಕೂತು ಅರೆದು, ಅವರೇ ಬಾಯಿಗೆ ಹಾಕೋರು. ಬ್ಯಾಡ ಅನ್ನಕ್ಕೆ ಮನಸ್ಸೇ ಬರ್ಲಿಲ್ಲ.”

ಬೇರೆ ಯಾರಾದರೂ ಆಗಿದ್ದರೆ ಅತ್ತುಬಿಡುತ್ತಿದ್ದರು. ನನಗೆ ಬಂದದ್ದು ಸಿಟ್ಟು. ಗಂಡನ ಕೈಯಿಂದ ಒಂದು ಚಮಚ ಜೇನುತುಪ್ಪ ಸಿಗಬೇಕಾದರೆ ಹೆಂಡತಿಗೆ ಹೊಟ್ಟೆ ಹುಣ್ಣಾಗಬೇಕೇ? ಇಷ್ಟು ವರ್ಷ ಇವಳಿಗೆ ಜ್ವರ ಬರಲಿಲ್ಲವೇ? ಎರಡು ಹೆರಲಿಲ್ಲವೇ? ಆಗೆಲ್ಲ ಎಲ್ಲಿದ್ದರು ಈ ಮಹಾರಾಯರು?

ಭಾನುವಾರ ಅಪ್ಪಾಜಿ ಬಂದರು. ಕಾಲು ತೊಳೆದು ಒಳಗೆ ಬಂದವರೇ, “ಮನೆ ಬಿಕೋ ಅಂತದೆ ಕಣವ್ವ. ಇವ್ಳನ್ನ ಕರ್ಕೊಂಡು ಓಗಾಣ ಅಂತ ಬಂದೆ” ಎಂದರು.

“ಮಾತ್ರೆ ನುಂಗಿ ಅರ್ಧ ಗಂಟೆಗೆ ಅವ್ವಂಗೆ ಬಿಸಿ ಗಂಜಿ ಬೇಕು. ಯಾರು ಕಾಯಿಸ್ತಾರೆ?”

ಅಪ್ಪಾಜಿ ಅವ್ವನ ಕಡೆ ನೋಡಿದರು.

“ಅವಳನ್ನ ಯಾಕೆ ನೋಡ್ತೀರಿ? ಮೂಳೆ ಬಿಡಿಸಿ ಕುಟ್ಟಕ್ಕೆ ಅಡಿಗೆಮನೆ ಗೊತ್ತಾಯ್ತಲ್ಲ, ಗಂಜಿ ಕಾಯ್ಸಕ್ಕೂ ಗೊತ್ತಾಗ್ಲಿ. ಈಗ್ಲೇ, ನನ್ನ ಮುಂದೇನೇ ಕಾಯ್ಸಿ. ಕಲ್ತ್ರೆ ಕಳಿಸ್ತೀನಿ, ಇಲ್ದಿದ್ರೆ ನಿಮ್ಮ ದಾರಿ ನೀವು ನೋಡ್ಕೊಳಿ.”

ಅಳಿಯನ ಮನೆಯಲ್ಲಿ ಹೀಗೆ ಅನ್ನಿಸಿಕೊಂಡ ಮನುಷ್ಯ ಎದ್ದು ಹೋಗಿಬಿಡುತ್ತಾರೆಂದೇ ಅಂದುಕೊಂಡಿದ್ದೆ. ಅಪ್ಪಾಜಿ ಅಂಗಿಯ ತೋಳು ಮಡಚಿ, “ಅಕ್ಕಿ ಎಲ್ಲದೆ?” ಎಂದರು. ಡಬ್ಬ ತೋರಿಸಿದೆ. ಎಷ್ಟು ಹಾಕಬೇಕೆಂದು ತಿಳಿಯದೆ ಪಾವಿನ ತುಂಬ ಅಕ್ಕಿ ಹಿಡಿದು ನಿಂತರು. ಅವ್ವನಿಗೆ ತಡೆಯಲಾಗಲಿಲ್ಲ, ಗೋಡೆ ಹಿಡಿದು ಏಳಲು ಹೋದಳು.

“ಕೂತ್ಕೊಳವ್ವಾ!”

ನಾನು ಕಿರುಚಿದ ರಭಸಕ್ಕೆ ಅಪ್ಪಾಜಿ ಬೆಚ್ಚಿಬಿದ್ದು ಅಕ್ಕಿಯನ್ನೆಲ್ಲ ನೆಲಕ್ಕೆ ಚೆಲ್ಲಿದರು. ಅವ್ವ ಕೂತಳು. ಅಪ್ಪಾಜಿ ಮಂಡಿಯೂರಿ ಅಕ್ಕಿ ಬಾಚತೊಡಗಿದರು. ನಾನು ಬಗ್ಗಲಿಲ್ಲ.