ಬಿಚ್ಚಿದ ಚಕ್ರದ ಮೇಲೆ ಕುಳಿತ ಸೊಸೆ

ಹಾಲಿನವನು ಬಂದು ಹೋಗುವಷ್ಟರಲ್ಲಿ ಇಡೀ ಬೀದಿಗೆ ಸುದ್ದಿ ಮುಟ್ಟಿತ್ತು. ಗ್ರೀಸ್ ತಾತನ ಸೊಸೆ ಕಾರಿನ ಮುಂದಿನ ಬಲಚಕ್ರವನ್ನು ಬಿಚ್ಚಿ, ಬಾಗಿಲೆದುರು ಮಲಗಿಸಿ, ಅದರ ಮೇಲೆ ಕುಳಿತುಬಿಟ್ಟಿದ್ದಳು. ಕೈಯಲ್ಲಿ ಚಹಾದ ಲೋಟ, ಮಡಿಲಲ್ಲಿ ಚಕ್ರದ ಬೋಲ್ಟುಗಳು. ಮುಖದಲ್ಲಿ ಏಳುವ ಲಕ್ಷಣವೇ ಇರಲಿಲ್ಲ.

ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಬಂದ ಗಂಡ ಹೊಸ್ತಿಲಲ್ಲೇ ನಿಂತ.

“ಏನೇ ಇದು? ಇವತ್ತು ಅಮ್ಮನ್ನ ಆಸ್ಪತ್ರೆಯಿಂದ ಬಿಡ್ತಾರೆ. ಬೆಟ್ಟ ಹತ್ತಿ ಇಳಿದು ಹೋಗ್ಬೇಕು. ಮರೆತ್ಯಾ?”

“ಮರೆತಿಲ್ಲ. ಅದಕ್ಕೇ ಬಿಚ್ಚಿದ್ದು. ಕಾಲಿನ ಆಪರೇಷನ್ ಆಗಿರೋ ಅತ್ತೆನ ಈ ಹಬ್ ನಂಬ್ಕೊಂಡು ಬೆಟ್ಟ ಇಳಿಸೋಕೆ ನಾನು ಬಿಡಲ್ಲ.”

ಹಬ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಒಳಗಿನಿಂದ ಮಾವ, ಬೀದಿಯವರ ಗ್ರೀಸ್ ತಾತ, ಬಂದರು. ಚಕ್ರವನ್ನು ಹೊತ್ತು ತಿರುಗಿಸುವ ಆ ನಡುಭಾಗವನ್ನು ಲಾರಿ ಗ್ಯಾರೇಜಿನಲ್ಲಿ ಬಿಚ್ಚಿ, ತೊಳೆದು, ಗ್ರೀಸ್ ತುಂಬಿ ಕಟ್ಟುವುದರಲ್ಲೇ ಅವರ ಆಯುಷ್ಯ ಸವೆದಿತ್ತು. ಕಾರು ಓಡುವಾಗ ಗುಂಯ್ ಎನ್ನುತ್ತಿದೆಯೆಂದು ಹೋದ ವಾರ ಈ ಹಬ್ಬನ್ನೂ ಬಿಚ್ಚಿದವರು ಅವರೇ. ಸ್ಕ್ರೂಡ್ರೈವರಿನಿಂದ ಬೇರಿಂಗಿನ ಮುಚ್ಚಳದಂಥ ಸೀಲ್ ಎಬ್ಬಿಸಿ, ಗ್ರೀಸ್ ತುರುಕಿ, ನಡುವಿನ ನಟ್ಟನ್ನು ಬಿಗಿದು, ಲಾರಿಗೆ ಮಾಡುವಂತೆಯೇ ಕಾಲು ಸುತ್ತು ಹಿಂದಕ್ಕೆ ಬಿಟ್ಟಿದ್ದರು.

“ನನ್ನ ಕೈಯಿಂದ ಹೋದ ಹಬ್ಬು ದಾರೀಲಿ ಕೈಕೊಟ್ಟ ಉದಾಹರಣೆ ಇಲ್ಲಮ್ಮ,” ಎಂದರು ಮಾವ.

“ಲಾರೀಲಿ ಇಲ್ಲ ಮಾವ, ಒಪ್ತೀನಿ. ಇದು ಲಾರಿ ಅಲ್ಲ. ಇದರ ಬೇರಿಂಗನ್ನ ಗ್ರೀಸ್ ಹಾಕಿಯೇ ಸೀಲ್ ಮಾಡಿರ್ತಾರೆ. ತೆಗೆಯೋ ಹಾಗಿಲ್ಲ, ತುಂಬೋ ಹಾಗಿಲ್ಲ. ಕೆಟ್ರೆ ಇಡೀ ಹಬ್ಬನ್ನೇ ಬದಲಾಯಿಸ್ಬೇಕು. ನಟ್ಟು ಬಿಗಿಯಾಗಿ ಅದುಮಿ ಹಿಡಿದಿದ್ರೇನೇ ಬೇರಿಂಗಿಗೆ ಜೀವ. ನೀವು ಸಡಿಲ ಬಿಟ್ರಿ.”

“ಬಿಡಿಭಾಗದ ಅಂಗಡೀಲಿ ಕೂತು ಮಾರೋಳು ನನಗೆ ಪಾಠ ಹೇಳ್ತೀಯಾ?”

“ಹೇಳ್ತೀನಿ. ಹೀಗೆ ಸತ್ತ ಬೇರಿಂಗುಗಳು ದಿನಾ ನನ್ನ ಕೌಂಟರಿಗೇ ಬರ್ತವೆ.”

ಎದುರು ಮನೆಯ ದರ್ಜಿ ಕಿಟಕಿಯಿಂದ ತಲೆ ಹಾಕಿದ. “ತಾತಾ, ಸೊಸೆ ನಿಮ್ಮ ಗ್ಯಾರೇಜಿಗೇ ಬೀಗ ಜಡಿದ್ಲು!”

“ನೀನು ನಿನ್ನ ಕಾಜ ಹೊಲಿ!” ಎಂದು ಮಾವ ಗದರಿದರು.

ಸೊಸೆ ಗಂಡನತ್ತ ತಿರುಗಿದಳು. “ರೀ, ಮಾವ ರಿಪೇರಿ ಮಾಡಿದ ಮಾರನೇ ದಿನ ಬ್ರೇಕಿನ ತೊಂದರೆ ತೋರಿಸೋ ಎಬಿಎಸ್ ದೀಪ ಹತ್ತಿಕೊಳ್ತಲ್ಲ, ಅದರ ಮೇಲೆ ಕಪ್ಪು ಟೇಪ್ ಅಂಟಿಸಿದ್ದು ಯಾರು?”

ಗಂಡ ಆಕಾಶ ನೋಡಿದ. “ಕಣ್ಣಿಗೆ ಹೊಡೀತಿತ್ತು ಕಣೇ.”

“ಆ ಸೀಲಿನಲ್ಲೇ ಒಂದು ಮ್ಯಾಗ್ನೆಟ್ ಉಂಗುರ ಇರತ್ತೆ. ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಬ್ರೇಕಿಗೆ ತಿಳಿಯೋದು ಅದರಿಂದಲೇ. ಸ್ಕ್ರೂಡ್ರೈವರ್ ತಾಗಿ ಅದು ಗೀಚಿಹೋಗಿದೆ. ಕಾರು ಕೂಗಿ ಹೇಳ್ತಿದ್ರೆ ನೀವು ಅದರ ಬಾಯಿಗೆ ಟೇಪ್ ಹಾಕಿದ್ರಿ!”

“ಎಲ್ಲಾ ಸರಿ, ಈಗ ಏಳು,” ಎಂದ ಗಂಡ. “ಇವತ್ತೊಂದು ದಿನ ನಿಧಾನವಾಗಿ ಓಡಿಸ್ತೀನಿ.”

“ಏಳಲ್ಲ.”

ಅಷ್ಟರಲ್ಲಿ ಫೋನ್ ಮೊಳಗಿತು. ಆಸ್ಪತ್ರೆಯ ಹಾಸಿಗೆಯಿಂದ ಅತ್ತೆ. ಗಂಡ ದೂರು ಹೇಳಿ ಮುಗಿಸುವ ಮೊದಲೇ ಆ ಕಡೆಯ ದನಿ ಬೀದಿಗೆಲ್ಲ ಕೇಳಿಸಿತು: “ಮುರಿದಿದ್ದು ನನ್ನ ಒಂದು ಕಾಲು ಸಾಕು, ಕಾರಿನ ಕಾಲನ್ನೂ ಮುರೀಬೇಡಿ! ಸಂಜೆ ತನಕ ಇಲ್ಲೇ ಇರ್ತೀನಿ. ಅವಳು ಹೇಳಿದ್ದು ಕೇಳಿ!”

ಮಾವನ ಮೀಸೆ ಅದುರಿತು. ಹೆಂಡತಿಯೂ ಆ ಪಕ್ಷ!

ಸೊಸೆ ಲೋಟ ಕೆಳಗಿಟ್ಟಳು. “ಮಾವ, ನನ್ನ ಮಾತು ಬೇಡ, ನಿಮ್ಮ ಕೈ ಮಾತು ಕೇಳೋಣ. ಕಾರನ್ನ ಜ್ಯಾಕಿನ ಮೇಲಷ್ಟೇ ಬಿಟ್ಟಿಲ್ಲ, ಗಟ್ಟಿ ಸ್ಟ್ಯಾಂಡ್ ಕೊಟ್ಟಿದ್ದೀನಿ. ಅದುರು ಗೊತ್ತಾಗೋ ಹಾಗೆ ಒಂದು ಕೈ ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲಿಡಿ, ಇನ್ನೊಂದು ಕೈಯಿಂದ ಬ್ರೇಕಿನ ಡಿಸ್ಕ್ ತಿರುಗಿಸಿ. ಸರಿಯಿದೆ ಅಂತ ನಿಮ್ಮ ಕೈ ಹೇಳಿದ್ರೆ, ಈ ಚಕ್ರ ನಾನೇ ಹಾಕಿ ಬಾಯ್ಮುಚ್ಕೊಂಡು ಕೂರ್ತೀನಿ.”

ಅಕ್ಕಪಕ್ಕದವರು ಹೊರಬಂದು ನಿಂತರು. ದರ್ಜಿಯ ಹೊಲಿಗೆಯಂತ್ರವೂ ನಿಂತಿತು. ಮಾವ ಮೊಣಕಾಲೂರಿ ಕುಳಿತರು, ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟರು, ಕಣ್ಣು ಮುಚ್ಚಿ ಡಿಸ್ಕನ್ನು ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು. ಸೊಸೆ ಅವರ ಮುಖವನ್ನೇ ನೋಡುತ್ತಿದ್ದಳು. ಈ ಹಟಮಾರಿ ಮುದುಕ ಸುಳ್ಳು ಹೇಳಿಬಿಟ್ಟರೆ?

ಮಾವ ಕಣ್ಣು ತೆರೆದರು.

“ಒಳಗೆ ಮರಳು ಅರೆದ ಹಾಗಿದೆ,” ಎಂದರು. ಡಿಸ್ಕಿನಿಂದ ಕೈ ತೆಗೆದು, “ಬೆಟ್ಟದ ತಿರುವಿನಲ್ಲಿ ಇದು ಬಿಟ್ಟಿದ್ರೆ...”

ಎದ್ದು ಹೋಗಿ, ಕಾರಿನೊಳಗೆ ಕೈ ಹಾಕಿ, ದೀಪದ ಮೇಲಿನ ಕಪ್ಪು ಟೇಪನ್ನು ಕಿತ್ತು ಮಗನ ಅಂಗಿಗೆ ಅಂಟಿಸಿದರು.

“ಹೊಸ ಹಬ್ ಎಲ್ಲಿ ಸಿಗತ್ತಮ್ಮ?”

“ಬಾಗಿಲ ಹಿಂದಿದೆ ಮಾವ. ನಿನ್ನೆಯೇ ತಂದಿದ್ದೀನಿ. ಹೊಸ ನಟ್ಟೂ ಇದೆ, ಹಳೇದನ್ನ ಮತ್ತೆ ಹಾಕೋ ಹಾಗಿಲ್ಲ.”

ಮಾವ ಸುತ್ತಿಗೆಗೆ ಕೈ ಚಾಚಿದರು. ಸೊಸೆ ಅದನ್ನು ಮೊದಲೇ ಬಚ್ಚಿಟ್ಟಿದ್ದಳು. ಸುತ್ತಿಗೆಯ ಏಟು ಬಿದ್ದರೆ ಹೊಸ ಬೇರಿಂಗ್ ಕೂಡ ಹುಟ್ಟುವ ಮೊದಲೇ ಸಾಯುತ್ತದೆ. ಹಳೇ ಹಬ್ ತೆಗೆದು, ಅದು ಕೂರುವ ಜಾಗದ ತುಕ್ಕನ್ನು ಮಾವ ತಂತಿಬ್ರಷ್ಷಿನಿಂದ ಉಜ್ಜಿ ಹೊಸದನ್ನು ಕೂರಿಸಿದರು, ಡಿಸ್ಕ್ ತಿರುಗದಂತೆ ಗಂಡ ಬ್ರೇಕ್ ತುಳಿದು ಹಿಡಿದ, ನಟ್ಟನ್ನು ಬೇಕಾದಷ್ಟೇ ಬಿಗಿಯುವ ಟಾರ್ಕ್ ರೆಂಚನ್ನು ಸೊಸೆ ಕಾರಿನ ಕೈಪಿಡಿಯ ಅಳತೆಗೆ ಹೊಂದಿಸಿಕೊಟ್ಟಳು. ಮಾವನ ಕೈಯಲ್ಲಿ ಅದು ‘ಟಕ್’ ಎಂದಿತು.

“ಇನ್ನೊಂಚೂರು ಬಿಗಿಯಲಾ?”

“ಬೇಡ! ಟಕ್ ಅಂದ್ರೆ ಮುಗೀತು. ಹಿಂದಕ್ಕೂ ಬಿಡ್ಬೇಡಿ. ನಟ್ಟು ಪೂರ್ತಿ ಬಿಗಿದ ಮೇಲೇ ಚಕ್ರ ನೆಲ ಮುಟ್ಟಬೇಕು.”

ಚಕ್ರ ಹಾಕಿ, ಬೀದಿಯ ಕೊನೆಯವರೆಗೂ ಓಡಿಸಿ ನೋಡಿದರು. ಗುಂಯ್ಗುಡುವಿಕೆ ಇಲ್ಲ. ದೀಪ ಆರಿತ್ತು. ಸಂಜೆ ಅತ್ತೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಬೆಟ್ಟದ ತಿರುವುಗಳಲ್ಲೆಲ್ಲ ನಿದ್ದೆ ಮಾಡುತ್ತ ಮನೆಗೆ ಬಂದರು.

ಈಗ ಬೀದಿಯಲ್ಲಿ ಯಾವ ಕಾರು ಗುಂಯ್ ಎಂದರೂ ಮಾವ ಕೈ ಅಡ್ಡ ಹಿಡಿಯುತ್ತಾರೆ. “ನಿಲ್ಲಿಸಯ್ಯಾ! ಎಡಕ್ಕೆ ತಿರುಗಿಸಿದಾಗ ಸದ್ದು ಜಾಸ್ತಿಯಾದ್ರೆ ಬಲಗಡೆ ಹಬ್ ಇರಬಹುದು, ಬಲಕ್ಕೆ ತಿರುಗಿಸಿದಾಗ ಆದ್ರೆ ಎಡಗಡೇದು. ಅನುಮಾನ ಬಂತಾ, ಮೆಕ್ಯಾನಿಕ್ ಹತ್ರ ಹೋಗು. ಸ್ಕ್ರೂಡ್ರೈವರ್ ಮಾತ್ರ ಮುಟ್ಟಬೇಡ!”

ಓದುಗರೇ, ನಿಮ್ಮ ಕಾರೂ ಹೀಗೆ ಕೂಗುತ್ತಿದೆಯೇ? ರೇಡಿಯೋ ಜೋರು ಮಾಡಬೇಡಿ, ದೀಪಕ್ಕೆ ಟೇಪ್ ಅಂಟಿಸಬೇಡಿ. ‘ಇವತ್ತೊಂದು ದಿನ’ ಎಂದು ಯಾರು ಬೇಡಿಕೊಂಡರೂ, ಗದರಿದರೂ ಕೀಲಿ ಕೊಡಬೇಡಿ. ಆ ಕಾರಿನಲ್ಲಿ ಕೂರುವವರು ನಿಮ್ಮವರು. ಹಬ್ ಸರಿಯಾಗುವ ತನಕ ನೀವೂ ಜಪ್ಪಯ್ಯ ಎಂದರೂ ಏಳಬೇಡಿ!