ಪಡುವಣ ಕಿಟಕಿಗೆ ಒಂದು ಮೊಳ ನೆರಳು

ಮೇಣ ಬಳಿದ ಕ್ಯಾನ್ವಾಸು ಬಿಸಿಲಿಗೆ ಕಾದ ವಾಸನೆ ಮೂಗಿಗೆ ಬಡಿದರೆ ಸಾಕು, ಅವಳಿಗೆ ಅಪ್ಪನ ಅಂಗಡಿಯ ಬಟ್ಟೆ ರಾಶಿಯ ಮೇಲೆ ಮಲಗುತ್ತಿದ್ದ ಏಳನೇ ವಯಸ್ಸು ನೆನಪಾಗುತ್ತಿತ್ತು. ಊರಿನ ಅರ್ಧ ಅಂಗಡಿಗಳ ಮುಂದೆ ಕ್ಯಾನ್ವಾಸಿನ ನೆರಳು ಹೊಲಿದು ಕಟ್ಟಿಕೊಟ್ಟವನು ಅಪ್ಪ. ಈಗ ಅವನ ಕೈ ನಡುಗುತ್ತದೆ. ಸೂಜಿ ಮಗಳ ಕೈಗೆ ಬಂದಿದೆ. ಇವತ್ತು ಆ ವಾಸನೆ ಆಫೀಸೊಂದರ ಮೂರನೇ ಮಹಡಿಯ ಕಿಟಕಿಯ ಹೊರಗಿತ್ತು.

ಮಧ್ಯಾಹ್ನ ತಿರುಗಿದರೆ ಆ ಕೋಣೆ ಕಾದ ಕಾವಲಿ.

"ಒಳಗೆ ಪರದೆ ಇದೆಯಲ್ಲಮ್ಮ, ಹೊರಗೊಂದು ಯಾಕೆ?" ಎಂದು ಮ್ಯಾನೇಜರು ಮೊನ್ನೆಯೇ ಕೇಳಿದ್ದರು.

"ಬಿಸಿಲು ಗಾಜು ದಾಟಿದ್ಮೇಲೆ ಪರದೆ ಎಳೆದ್ರೆ, ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಸಾರ್. ಹೊರಗೇ ತಡೀಬೇಕು."

"ಸರಿ, ಈ ಕೋಣೆಗೆ ಕಟ್ಟಿ ತೋರ್ಸು. ಕಟ್ಟಿದ ದಿನ ನಾಲ್ಕು ಗಂಟೆಗೆ ಬಂದು ಮೇಜು ಮುಟ್ಟಿ ನೋಡ್ತೀನಿ. ತಣ್ಣಗಿದ್ರೆ ಹದಿನೆಂಟು ಕಿಟಕಿನೂ ನಿಂದೇ. ಇಲ್ದಿದ್ರೆ ಎಲ್ಲಾ ಇಟ್ಟಿಗೆ ಇಟ್ಟು ಮುಚ್ಚಿಸ್ತೀನಿ."

ಇವತ್ತು ಬೆಳಿಗ್ಗೆಯಿಂದ ಊಟ ತಿಂಡಿ ಮರೆತು ಕಟ್ಟಿದಳು. ಗಾಜಿನಿಂದ ಮೊಳ ದೂರಕ್ಕೆ ಚಾಚಿದ ಕಬ್ಬಿಣದ ಕೊಳವೆ, ಅದರ ಮೇಲೆ ಇಳಿಜಾರಾಗಿ ಬಟ್ಟೆ. ಅಪ್ಪನ ಅಳತೆಯೇ. ನೆತ್ತಿಯ ಮೇಲಿನ ಸೂರ್ಯ ಸೋತ. ಮೂರು ಗಂಟೆಗೆ ಮಾತ್ರ ಬಿಸಿಲು ಬಟ್ಟೆಯ ಕೆಳಗಿಂದ ನುಸುಳಿ ಸೀದಾ ಮೇಜಿಗೆ ಬಿತ್ತು.

"ಅಪ್ಪನ ಅಳತೆನೇ ಹಿಡಿದಿದ್ದೆ," ಎಂದಳು. ಅಪ್ಪನದು ಮಧ್ಯಾಹ್ನ ಗಿರಾಕಿಗಳು ನಿಲ್ಲುವ ಅಂಗಡಿಯ ಲೆಕ್ಕ. ಇದು ಪಡುವಣ ಕಿಟಕಿ.

"ನಿಮ್ಮಪ್ಪನಿಗೆ ನೆಟ್ಟಗೆ ನಿಲ್ಲೋ ಸೂರ್ಯ ಗೊತ್ತು. ಇವನು ಬಗ್ಗಿ ಇಣುಕೋ ಕಳ್ಳ," ಎಂದರು ಆ ಮೇಜಿನ ಟೈಪಿಸ್ಟ್ ಅಕ್ಕ. ಕಾಗದ ಸರಿಸಿ ಮೇಜಿನ ಮೇಲಿನ ಪೆನ್ಸಿಲ್ ಗೆರೆಗಳನ್ನು ತೋರಿಸಿದರು. "ಮೂರು ಗಂಟೆಗೆ ಇಲ್ಲಿ, ನಾಲ್ಕಕ್ಕೆ ಇಲ್ಲಿ. ಬಿಸಿಲು ಬಂದ ಹಾಗೆಲ್ಲ ನನ್ನ ಕಾಗದ ಸರಿಸ್ಕೊಂಡೇ ಇಷ್ಟು ವರ್ಷ ಆಯ್ತು."

ಬಿಸಿಲಿನ ಓರೆ ತಿಳಿಯಲು ನಾಲ್ಕರ ಗೆರೆಯಿಂದ ಹೊರಗಿನ ಕೊಳವೆಯವರೆಗೆ ದಾರ ಹಿಡಿದು ಅಳೆದಳು. ಉಳಿದ ಬಟ್ಟೆಯನ್ನು ನೆಲದಲ್ಲೇ ಕೂತು ಹೊಲಿದಳು. ಅದನ್ನು ಕೊಳವೆಯಿಂದ ಕೆಳಕ್ಕೆ ಇಳಿಬಿಡಲು ಕಿಟಕಿಯಾಚೆ ಬಾಗಿದಾಗ ಅಕ್ಕ ಅವಳ ಸೊಂಟ ಗಟ್ಟಿಯಾಗಿ ಹಿಡಿದರು.

"ಬಿದ್ದುಗಿದ್ದೀಯ, ಆಸ್ಪತ್ರೆಗೆ ಬರೋಕೆ ನಂಗೆ ರಜಾ ಇಲ್ಲ."

ಇಳಿಬಿಟ್ಟ ಬಟ್ಟೆಯ ಕೆಳಗೆ ಗೇಣುದ್ದ ಜಾಗ ಬಿಟ್ಟಳು. ಅದರಡಿ ನುಸುಳಿದ ಬಿಸಿಲು ಕಿಟಕಿಯ ಕೆಳಗಿನ ಹೊರಗೋಡೆಗೆ ಬಿತ್ತು. ಒಳಗೆ ಕೂತವರಿಗೆ ಬೀದಿಯ ಮರ ಕಾಣುತ್ತಿತ್ತು. ಅಕ್ಕ ಆ ಮರವನ್ನು ಒಮ್ಮೆ ನೋಡಿ ಟೈಪು ಮಾಡತೊಡಗಿದರು.

ನಾಲ್ಕಕ್ಕೆ ಮ್ಯಾನೇಜರು ಬಂದರು. ಗಾಜು ಮುಟ್ಟಿದರು. ಮೇಜಿನ ಮೇಲೆ ಅಂಗೈ ಇಟ್ಟು, ತೆಗೆಯದೆ ಹಾಗೇ ನಿಂತರು.

"ಇಟ್ಟಿಗೆಯವನಿಗೆ ಬರಬೇಡ ಅಂತ ಹೇಳ್ತೀನಿ," ಎಂದು ಹೊರಟರು.

ಅವಳು ದಾರ ಸುತ್ತಿಟ್ಟು ನೆಲದ ಮೇಲೇ ಕೂತಳು. ಅಕ್ಕ ಮೇಜಿನ ಖಾನೆ ಎಳೆದು ಊಟದ ಡಬ್ಬಿ ತೆಗೆದರು. ಮಧ್ಯಾಹ್ನ ತಾವು ಉಣ್ಣುವಾಗಲೇ ಅರ್ಧ ಎತ್ತಿಟ್ಟಿದ್ದರು. ಚಮಚದ ಸಮೇತ ಅವಳ ಕೈಗಿಟ್ಟರು.