ಜೀಪು ಹೊಡೆದ ಹುಡುಗ

೧೯೯೭ರಲ್ಲಿ ಪ್ರತಿ ಮಂಗಳವಾರ ಸಂಜೆ ಟೀವಿಯಲ್ಲಿ ಒಂದು ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಬೈಲಹೊಂಗಲದ ನಮ್ಮ ಓಣಿಯ ಹೆಂಗಸರು ಅದನ್ನು ನೋಡಲು ನಮ್ಮ ಮನೆಗೇ ಬರುತ್ತಿದ್ದರು. ಕೊಲೆಗಾರ ಯಾರೆಂಬುದೇ ಎಲ್ಲರ ವಾದ. ಎದುರುಮನೆಯ ರಾಯವ್ವನಿಗೆ ಮಾತ್ರ ಕಳ್ಳರ ಜೀಪು ಓಡಿಸುವ ಹುಡುಗನದೇ ಚಿಂತೆ. ವಾರಕ್ಕೆ ಎರಡು ಮಾತೂ ಇರದ ಪಾತ್ರ ಅದು.

"ಆ ಹುಡುಗಗ ಏನೂ ಗೊತ್ತಿಲ್ಲ ನೋಡ್ರಿ. ಗಾಡಿ ಹೊಡಿ ಅಂದ್ರು, ಹೊಡದಾನ. ಕಡೀಕ ಪತ್ತೇದಾರಗ ಎಲ್ಲಾ ಹೇಳಾಂವ ಅವನ."

ನಾನಾಗ ಕಾಲೇಜು ಹುಡುಗಿ. ವಾದಕ್ಕೆ ನಿಂತರೆ ಬಿಡುವವಳಲ್ಲ.

"ಗೊತ್ತಿಲ್ದ ಹ್ಯಾಂಗ ಹೋಗ್ತಾನ್ರಿ ರಾಯವ್ವಾ? ಗಾಡಿ ಹೊಡದಾಂವನೂ ಕಳ್ಳನ."

ಅವ್ವ ನನ್ನ ತೊಡೆ ಚಿವುಟಿದಳು. ರಾಯವ್ವನ ಮಗ ಗೌರೀಶ ರಾಮದುರ್ಗದ ಹತ್ತಿ ವ್ಯಾಪಾರಿಯೊಬ್ಬರ ಮನೆ ದೋಚಿದವರಿಗೆ ಟೆಂಪೊ ಓಡಿಸಿದ್ದ. ಅಲ್ಲಿಯ ಮುದಿ ಕಾವಲುಗಾರ ತಲೆಗೆ ಪೆಟ್ಟು ಬಿದ್ದು ಸತ್ತಿದ್ದ. ಐದು ತಿಂಗಳಿಂದ ಗೌರೀಶ ಬೆಳಗಾವಿ ಜೈಲಿನಲ್ಲಿದ್ದ. ಅವನ ಮುಖ ನೋಡಲು ಯಾರೂ ಹೋಗಕೂಡದೆಂದು ಅವನಪ್ಪ ಕಟ್ಟಪ್ಪಣೆ ಮಾಡಿದ್ದ. ಇದೆಲ್ಲ ನೆನಪಾಗುವಷ್ಟರಲ್ಲಿ ಮಾತು ನನ್ನ ಬಾಯಿ ದಾಟಿತ್ತು. ರಾಯವ್ವ ಸಾಬೂನಿನ ಜಾಹೀರಾತು ನೋಡುತ್ತ ಕುಳಿತಳು.

ಎರಡು ವಾರದ ನಂತರ ಧಾರಾವಾಹಿಯಲ್ಲಿ ಕಳ್ಳರ ಮುಖಂಡನೇ ಆ ಹುಡುಗನಿಗೆ ಗುಂಡಿಟ್ಟ. ಮುಂದಿನ ವಾರ ಮುಖಂಡ ಸಿಕ್ಕಿಬಿದ್ದು ಕತೆ ಮುಗಿಯಿತು. ಹುಡುಗನ ಹೆಸರನ್ನು ಯಾರೂ ಎತ್ತಲಿಲ್ಲ. ಹೆಂಗಸರೆಲ್ಲ ಎದ್ದರೂ ರಾಯವ್ವ ಏಳಲಿಲ್ಲ.

"ಆ ಹುಡುಗನ ಹೆಣಾ ಯಾರು ಒಯ್ದ್ರು?"

ಹೋಗುವಾಗ ಬಾಗಿಲಲ್ಲಿ ರಾಯವ್ವ ನನ್ನ ಕೈ ಹಿಡಿದಳು. "ನನಗ ಬೆಳಗಾವಿ ಗೊತ್ತಿಲ್ಲ. ನೀ ಬರ್ತೀ ಏನವಾ?"

ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇವೆಂದು ಅವಳ ಗಂಡನಿಗೆ ಸುಳ್ಳು ಹೇಳಿ ಹೋದೆವು. ಜೈಲಿನಲ್ಲಿ ಜಾಳಿಗೆಯ ಆಚೆ ಗೌರೀಶ ಗಡ್ಡ ಬಿಟ್ಟು ನಿಂತಿದ್ದ.

"ನಿನಗ ಏನೂ ಗೊತ್ತಿರಲಿಲ್ಲ, ಹೌದಿಲ್ಲೋ?" ರಾಯವ್ವ ಕೇಳಿದಳು.

ಅವನು ತಲೆ ಎತ್ತದೆ ಹೇಳಿದ: "ಗೊತ್ತಿತ್ತು ಯವ್ವಾ. ಮುದುಕ ಚೀರಿದ್ದೂ ಕೇಳಿಸ್ತು. ನಾ ಗಾಡಿ ಬಿಟ್ಟು ಇಳೀಲಿಲ್ಲ."

ರಾಯವ್ವ ಜಾಳಿಗೆ ಹಿಡಿದುಕೊಂಡಳು. ಆಮೇಲೆ, "ಹೊಟ್ಟಿ ತುಂಬ ಊಟಾ ಹಾಕ್ತಾರೇನು?" ಎಂದು ಕೇಳಿದಳು. ಅವನು ಮುಖ ಮುಚ್ಚಿಕೊಂಡು ಅತ್ತ.

ಊರಿಗೆ ಮರಳುವಾಗ ನೇರ ಬಸ್ಸು ತಪ್ಪಿ, ಕಿತ್ತೂರಿನಲ್ಲಿ ಇಳಿದು ಇನ್ನೊಂದಕ್ಕೆ ಕಾಯುತ್ತಿದ್ದೆವು. ಅಲ್ಲಿ ರಾಯವ್ವ ಕೇಳಿದಳು: "ಆ ಕಾವಲುಗಾರನ ಮನಿ ರಾಮದುರ್ಗದಾಗ ಎಲ್ಲಿ ಐತಿ?"

"ಯಾಕ್ರಿ?"

"ಅವಗೂ ಮಂದಿ ಇರ್ತಾರಲ್ಲವಾ."

ಮರುವಾರ ಒಬ್ಬಳೇ ರಾಮದುರ್ಗಕ್ಕೆ ಹೋಗಿ ಬಂದಳು. ಕಾವಲುಗಾರನ ಹೆಂಡತಿ ಮರೆವ್ವ ಅವಳನ್ನು ಹೊಸ್ತಿಲು ತುಳಿಯಗೊಡಲಿಲ್ಲವಂತೆ. ರಾಯವ್ವ ಮಧ್ಯಾಹ್ನದವರೆಗೂ ಬಿಸಿಲಲ್ಲಿ ನಿಂತಿದ್ದಳಂತೆ.

"ಒಂದ ಮಾತು ಕೇಳಿದ್ಲವಾ, ನಿನ್ನ ಮಗ ಜೀವಂತ ಅದಾನಲ್ಲ ಅಂತ. ಹೂಂ ಅಂದ್ನಿ. ಬಾಗಿಲಾ ಹಾಕ್ಕೊಂಡ್ಲು."